ಡಿಫೆನ್ಸ್ ಕಟ್ಟುವ ಲೆಕ್ಕ: ಡ್ರಾಫ್ಟ್ ಹುಡುಗರು, ಹಳೇ ಹುಲಿಗಳು ಮತ್ತು ಭದ್ರಾವತಿಗೊಂದು ಪಾಠ

ಫುಟ್ಬಾಲ್ ತಂಡ ಕಟ್ಟೋಕೆ ಕೈಗೆ ದುಡ್ಡು ಕೊಟ್ಟರೆ ಮೊದಲು ಯಾರನ್ನ ತಗೋತೀರಿ? ಶಿವಮೊಗ್ಗದ ಯಾವುದೇ ಟರ್ಫ್‌ನಲ್ಲಿ ಸಂಜೆ ಏಳರ ಮೇಲೆ ಕೇಳಿ ನೋಡಿ. ಹತ್ತರಲ್ಲಿ ಒಂಬತ್ತು ಜನ ಗೋಲ್ ಹೊಡೆಯೋನ ಹೆಸರು ಹೇಳ್ತಾರೆ. ಹತ್ತನೆಯವನು ಗೋಲ್‌ಕೀಪರ್ ಆಗಿರ್ತಾನೆ, ಅವನು ಮಾತ್ರ ಡಿಫೆಂಡರ್ ಬೇಕು ಅಂತಾನೆ. ನನ್ನ ಓಟು ಆ ಹತ್ತನೆಯವನಿಗೆ.

ಒಂದು ತಂಡದ ಡಿಫೆನ್ಸ್ ಹೇಗೆ ತಯಾರಾಗುತ್ತೆ, ಡ್ರಾಫ್ಟ್ ಅಂದರೇನು, ವಯಸ್ಸಾದ ಆಟಗಾರರಿಗೆ ಯಾಕೆ ದುಡ್ಡು ಸುರೀತಾರೆ ಅನ್ನೋದನ್ನ ಒಂದೇ ಕಡೆ ಹೇಳುವ ಪ್ರಯತ್ನ ಇದು. ಉದಾಹರಣೆಗೆ ಬಹಳ ದೂರ ಹೋಗಬೇಕಿಲ್ಲ. ಬೆಂಗಳೂರು ಎಫ್‌ಸಿ 2017ರಿಂದ 2020ರವರೆಗೆ ಮಾಡಿದ ಕೆಲಸ ನಮ್ಮ ಕಣ್ಣ ಮುಂದೇ ಇದೆ. ಆ ಕಥೆಯ ಕೊನೆಗೆ ಭದ್ರಾವತಿಯ ವಿಷಯವೂ ಬರುತ್ತೆ.

ಸರಪಳಿಯ ಗಣಿತ

ಇಂಜಿನಿಯರಿಂಗ್‌ನಲ್ಲಿ ರಿಲಯಬಿಲಿಟಿ ಅಂತ ಒಂದು ಪಾಠ ಇರುತ್ತೆ. ಯಂತ್ರದ ಭಾಗಗಳನ್ನ ಎರಡು ಥರ ಜೋಡಿಸಬಹುದು. ಪ್ಯಾರಲಲ್ ಆಗಿ ಜೋಡಿಸಿದರೆ ಒಂದು ಭಾಗ ಕೆಲಸ ಮಾಡಿದರೂ ಸಾಕು, ಯಂತ್ರ ಓಡುತ್ತೆ. ಸೀರೀಸ್‌ನಲ್ಲಿ ಜೋಡಿಸಿದರೆ ಒಂದೇ ಒಂದು ಭಾಗ ಕೈಕೊಟ್ಟರೂ ಯಂತ್ರ ನಿಲ್ಲುತ್ತೆ.

ಫುಟ್ಬಾಲ್‌ನಲ್ಲಿ ದಾಳಿ ಅನ್ನೋದು ಪ್ಯಾರಲಲ್ ಜೋಡಣೆ. ಮೂವರು ಮುಂಚೂಣಿಯವರಲ್ಲಿ ಇಬ್ಬರು ಇಡೀ ಪಂದ್ಯ ಮಲಗಿದ್ದರೂ ಮೂರನೆಯವನು 89ನೇ ನಿಮಿಷದಲ್ಲಿ ಗೋಲ್ ಹೊಡೆದರೆ ಎಲ್ಲ ಮಾಫಿ. ಡಿಫೆನ್ಸ್ ಹಾಗಲ್ಲ. ನಾಲ್ವರಲ್ಲಿ ಮೂವರು ಆಫ್‌ಸೈಡ್ ಬಲೆ ಹಾಕಿ ಮುಂದೆ ಬಂದು, ನಾಲ್ಕನೆಯವನು ಎರಡು ಹೆಜ್ಜೆ ಹಿಂದೆ ಉಳಿದರೆ ಬಲೆಯೇ ಹರಿಯಿತು.

ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ನಾಲ್ವರು ಡಿಫೆಂಡರ್‌ಗಳು ಒಬ್ಬೊಬ್ಬರೂ ನೂರಕ್ಕೆ 95 ಸಲ ಸರಿಯಾದ ಜಾಗದಲ್ಲಿ ಇರ್ತಾರೆ ಅಂದುಕೊಳ್ಳಿ. ನಾಲ್ವರೂ ಒಟ್ಟಿಗೆ ಸರಿ ಇರುವ ಸಾಧ್ಯತೆ 0.95 ಅನ್ನು ನಾಲ್ಕು ಸಲ ಗುಣಿಸಿದಷ್ಟು, ಅಂದರೆ ಸುಮಾರು ಶೇ. 81. ಈಗ ಅವರಲ್ಲೊಬ್ಬನನ್ನ ತೆಗೆದು ಕೋಟಿ ಕೊಟ್ಟು ಶೇ. 99ರ ಸ್ಟಾರ್ ತಂದಿರಿ. ತಂಡದ ಲೆಕ್ಕ ಶೇ. 85ಕ್ಕೆ ಏರುತ್ತೆ, ಅಷ್ಟೇ. ಸ್ಟಾರ್ ತರದೆ, ನಾಲ್ವರಲ್ಲೊಬ್ಬ ಶೇ. 80ರವನು ಅಂತ ಇಟ್ಟುಕೊಳ್ಳಿ. ತಂಡದ ಲೆಕ್ಕ ಶೇ. 69ಕ್ಕೆ ಕುಸಿಯುತ್ತೆ. ಸ್ಟಾರ್ ತಂದ ಲಾಭ ನಾಲ್ಕು, ದುರ್ಬಲ ಕೊಂಡಿಯ ನಷ್ಟ ಹನ್ನೆರಡು. ನಿಜವಾದ ಆಟ ಇಷ್ಟು ಸರಳ ಅಲ್ಲ ಅನ್ನೋದು ಗೊತ್ತಿರೋದೇ. ಆದರೆ ದುಡ್ಡನ್ನ ಎಲ್ಲಿ ಹಾಕಬೇಕು ಅನ್ನೋದಕ್ಕೆ ಈ ಲೆಕ್ಕ ದಿಕ್ಕು ತೋರಿಸುತ್ತೆ.

ಕಬಡ್ಡಿ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಕಾರ್ನರ್‌ನವನು ಕಾಲಿಗೆ ಹಾರಿದಾಗ ಪಕ್ಕದ ಕವರ್ ಅದೇ ಕ್ಷಣ ಮೈಮೇಲೆ ಬೀಳಬೇಕು. ಅರ್ಧ ಸೆಕೆಂಡ್ ತಡವಾದರೆ ರೇಡರ್ ಇಬ್ಬರನ್ನೂ ಮುಟ್ಟಿಕೊಂಡು ಗೆರೆ ದಾಟಿರ್ತಾನೆ. ಅದಕ್ಕೇ ಕಬಡ್ಡಿಯಲ್ಲಿ ಕಾರ್ನರ್-ಕವರ್ ಅಂತ ಜೋಡಿಯಾಗಿ ಮಾತಾಡ್ತೀವಿ. ಫುಟ್ಬಾಲ್‌ನ ಇಬ್ಬರು ಸೆಂಟರ್ ಬ್ಯಾಕ್‌ಗಳೂ ಹಾಗೇ. ಒಬ್ಬ ಚೆಂಡಿಗೆ ನುಗ್ಗಿದರೆ ಇನ್ನೊಬ್ಬ ಹಿಂದೆ ನಿಂತು ಕಾಯಬೇಕು. ಈ ಹೊಂದಾಣಿಕೆಯನ್ನ ಯಾವ ಹರಾಜಿನಲ್ಲೂ ಕೊಳ್ಳೋಕಾಗಲ್ಲ. ಒಟ್ಟಿಗೆ ಆಡಿದ ಪಂದ್ಯಗಳಿಂದ ಮಾತ್ರ ಅದು ಬರುತ್ತೆ.

ಡ್ರಾಫ್ಟ್ ಅಂದರೆ ಏನು?

ಡ್ರಾಫ್ಟ್‌ನ ತವರು ಅಮೆರಿಕ. ಅಲ್ಲಿಯ ಫುಟ್ಬಾಲ್ ಬೇರೆಯೇ ಆಟ, ಕೈಯಲ್ಲಿ ಚೆಂಡು ಹಿಡಿದು ಓಡೋದು. ಅಲ್ಲಿನ ಎನ್‌ಎಫ್‌ಎಲ್ ಲೀಗ್ 1936ರಿಂದ ಡ್ರಾಫ್ಟ್ ನಡೆಸುತ್ತಾ ಬಂದಿದೆ. ಕಾಲೇಜು ಮುಗಿಸಿದ ಆಟಗಾರರನ್ನ ತಂಡಗಳು ಸರದಿ ಪ್ರಕಾರ ಆರಿಸಿಕೊಳ್ತವೆ, ಹಿಂದಿನ ವರ್ಷ ಕೊನೆಗೆ ಬಂದ ತಂಡಕ್ಕೆ ಮೊದಲ ಸರದಿ. ಹರಾಜಿನಲ್ಲಿ ದುಡ್ಡಿದ್ದವನು ಗೆಲ್ತಾನೆ. ಡ್ರಾಫ್ಟ್‌ನಲ್ಲಿ ಗೆಲ್ಲೋದು ಬೇರೆಯವರು ಬಿಟ್ಟಿದ್ದನ್ನ ಗುರುತಿಸಿದವನು.

ಸಿಯಾಟಲ್ ಸೀಹಾಕ್ಸ್ ಇದಕ್ಕೆ ಒಳ್ಳೆ ಉದಾಹರಣೆ. ಅವರ ಹಿಂಬದಿಯ ಅರ್ಲ್ ಥಾಮಸ್ 2010ರ ಮೊದಲ ಸುತ್ತಿನ ಆಯ್ಕೆ. ಆದರೆ ಕ್ಯಾಮ್ ಚಾನ್ಸಲರ್ ಅದೇ ವರ್ಷ ಐದನೇ ಸುತ್ತಿನಲ್ಲಿ ಸಿಕ್ಕವರು, ರಿಚರ್ಡ್ ಶೆರ್ಮನ್ 2011ರಲ್ಲಿ ಐದನೇ ಸುತ್ತಿನಲ್ಲಿ. ಅಂದರೆ ಎಲ್ಲ ತಂಡಗಳೂ ನಾಲ್ಕು ನಾಲ್ಕು ಸಲ ಬೇಡ ಅಂದವರು. ಈ ಹುಡುಗರು ಎರಡು ಮೂರು ವರ್ಷ ಒಟ್ಟಿಗೆ ಆಡಿದ ಮೇಲೆ, 2013ರಲ್ಲಿ ತಂಡ ಅನುಭವಿಗಳಾದ ಮೈಕಲ್ ಬೆನೆಟ್ ಮತ್ತು ಕ್ಲಿಫ್ ಎವ್ರಿಲ್ ಅವರನ್ನ ಹೊರಗಿನಿಂದ ತಂದಿತು. ಆ ಋತುವಿನ ಸೂಪರ್ ಬೌಲ್ 2014ರ ಫೆಬ್ರುವರಿ 2ರಂದು ನಡೆಯಿತು. ಎದುರಾಳಿ ಡೆನ್ವರ್ ಆ ಋತುವಿನಲ್ಲಿ 606 ಅಂಕ ಗಳಿಸಿ ದಾಖಲೆ ಮಾಡಿದ್ದ ತಂಡ. ಸಿಯಾಟಲ್ ಅವರನ್ನ 43-8ರಿಂದ ಮುಗಿಸಿತು. ಮೊದಲು ಹುಡುಗರು, ಆಮೇಲೆ ಹಿರಿಯರು ಅನ್ನುವ ಕ್ರಮವನ್ನ ನೆನಪಿಟ್ಟುಕೊಳ್ಳಿ.

ನಮ್ಮಲ್ಲಿ ಇಂಡಿಯನ್ ಸೂಪರ್ ಲೀಗ್ 2014ರಲ್ಲಿ ಶುರುವಾದಾಗ ಭಾರತೀಯ ಆಟಗಾರರನ್ನ ಡ್ರಾಫ್ಟ್ ಮೂಲಕವೇ ಹಂಚಿದರು. 2015ರಲ್ಲಿ ಡ್ರಾಫ್ಟ್ ಜತೆಗೆ ಹತ್ತು ಆಟಗಾರರಿಗೆ ಹರಾಜೂ ಆಯಿತು. ಅದರಲ್ಲಿ ಸುನಿಲ್ ಛೆಟ್ರಿ 1.20 ಕೋಟಿಗೆ ಹೋದದ್ದು ಸುದ್ದಿಯಾಯಿತು. ಫುಲ್ ಬ್ಯಾಕ್ ರಿನೋ ಆ್ಯಂಟೊ ಅವರಿಗೆ 90 ಲಕ್ಷ ಬಿದ್ದದ್ದು ಅಷ್ಟು ಸುದ್ದಿಯಾಗಲಿಲ್ಲ. ಕೊನೆಯ ದೊಡ್ಡ ಡ್ರಾಫ್ಟ್ ನಡೆದದ್ದು 2017ರ ಜುಲೈ 23ರಂದು ಮುಂಬೈನಲ್ಲಿ. ಅಲ್ಲಿ ಮೊದಲಿಗನಾಗಿ ಆಯ್ಕೆಯಾದದ್ದು ಸ್ಟ್ರೈಕರ್ ಅಲ್ಲ, ಸೆಂಟರ್ ಬ್ಯಾಕ್. ಅನಸ್ ಎಡತೊಡಿಕ ಅವರನ್ನ ಜೆಮ್‌ಶೆಡ್‌ಪುರ ಎಫ್‌ಸಿ 1.10 ಕೋಟಿಗೆ ತಗೊಂಡಿತು. ಆ ಹೊಸ ತಂಡ ಲೀಗ್‌ನ 18 ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು 18 ಗೋಲ್. ಆದರೆ ಹೊಡೆದದ್ದು 16 ಮಾತ್ರ, ಐದನೇ ಸ್ಥಾನಕ್ಕೆ ನಿಂತಿತು. ಡಿಫೆನ್ಸ್ ಒಂದೇ ಸಾಕು ಅಂತ ನಾನು ಹೇಳ್ತಿಲ್ಲ ಅನ್ನೋದಕ್ಕೆ ಇದೊಂದು ಸಾಕ್ಷಿ.

2017: ಬೆಂಗಳೂರು ಏನು ಮಾಡಿತು?

ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಮೊದಲ ಐ-ಲೀಗ್ ಋತುವಿನಲ್ಲೇ ಚಾಂಪಿಯನ್ ಆಯಿತು. ಆಗಿನ ಕೋಚ್ ಆ್ಯಶ್ಲಿ ವೆಸ್ಟ್‌ವುಡ್ ಸ್ವತಃ ಡಿಫೆಂಡರ್ ಆಗಿದ್ದವರು. ಅವರು ಹಿಂದೆ ನಿಲ್ಲಿಸಿದ್ದು ಇಂಗ್ಲೆಂಡಿನ ಜಾನ್ ಜಾನ್ಸನ್ ಮತ್ತು ಕೀನ್ಯಾದ ಕರ್ಟಿಸ್ ಒಸಾನೊ ಜೋಡಿಯನ್ನ.

2017ರಲ್ಲಿ ತಂಡ ಐಎಸ್‌ಎಲ್‌ಗೆ ಬಂದಾಗ ನಿಯಮ ಕಠಿಣ ಇತ್ತು. ಹಿರಿಯ ಭಾರತೀಯ ಆಟಗಾರರಲ್ಲಿ ಇಬ್ಬರನ್ನ ಮಾತ್ರ ಉಳಿಸಿಕೊಳ್ಳಬಹುದು. ಬೆಂಗಳೂರು ಉಳಿಸಿಕೊಂಡದ್ದು ಛೆಟ್ರಿ ಮತ್ತು ಉದಾಂತ ಸಿಂಗ್ ಅವರನ್ನ. ಇಬ್ಬರೂ ದಾಳಿಯವರು. ಇಪ್ಪತ್ತೊಂದರ ಒಳಗಿನವರ ಪಟ್ಟಿಯಲ್ಲಿ ಫುಲ್ ಬ್ಯಾಕ್ ನಿಶು ಕುಮಾರ್ ಉಳಿದರು. ಮಿಕ್ಕಂತೆ ಭಾರತೀಯ ಡಿಫೆನ್ಸ್ ಅನ್ನೋದನ್ನ ಹೆಚ್ಚುಕಮ್ಮಿ ಹೊಸದಾಗಿ ಕಟ್ಟಬೇಕಿತ್ತು.

ಅವರು ಮಾಡಿದ್ದನ್ನ ಮೂರು ಪದರ ಅಂತ ನೋಡಬಹುದು.

ಮೊದಲ ಪದರ, ಡ್ರಾಫ್ಟ್‌ನಿಂದ ಬಂದ ಭಾರತೀಯರು. 21 ವರ್ಷದ ಸುಭಾಶಿಷ್ ಬೋಸ್, ಎಡಗಡೆಗೆ. ಅದಾಗಲೇ ಕೆಲವು ಕ್ಲಬ್ ಸುತ್ತಿ ಬಂದಿದ್ದ ಮುಂಬೈನ ರಾಹುಲ್ ಭೇಕೆ, ಬಲಗಡೆಯಲ್ಲೂ ನಡುವೆಯೂ ಆಡಬಲ್ಲವರು. ಚೆನ್ನೈಯಿನ್ ಜತೆ 2015ರಲ್ಲಿ ಟ್ರೋಫಿ ಗೆದ್ದಿದ್ದ ಹರ್ಮನ್‌ಜೋತ್ ಖಾಬ್ರಾ, ಬೇಕಾದರೆ ಹಿಂದೆ, ಬೇಕಾದರೆ ಮಧ್ಯದಲ್ಲಿ.

ಎರಡನೇ ಪದರ, ಅನುಭವಿ ವಿದೇಶಿಯರು. ಇಲ್ಲಿ ತಂಡ ಹೊಸ ಹೆಸರಿಗೆ ಆಸೆಪಡಲಿಲ್ಲ. ನಾಲ್ಕು ವರ್ಷದಿಂದ ಇದ್ದ ಜಾನ್ಸನ್ ಅವರನ್ನೂ, 2016ರಲ್ಲಿ ಬಂದಿದ್ದ ಸ್ಪೇನಿನ ಜುವಾನನ್ ಅವರನ್ನೂ ಉಳಿಸಿಕೊಂಡಿತು. ಭಾರತೀಯರೆಲ್ಲ ಬದಲಾಗುವ ಹೊತ್ತಿಗೆ ನಡುವಿನ ಜೋಡಿ ಬದಲಾಗಲಿಲ್ಲ. ನನ್ನ ಪ್ರಕಾರ ಆ ವರ್ಷದ ಅತಿ ಜಾಣ ನಿರ್ಧಾರ ಇದೇ.

ಮೂರನೇ ಪದರ ಗೋಲ್‌ಕೀಪರ್. ನಾರ್ವೆಯ ಸ್ಟಾಬೆಕ್ ಕ್ಲಬ್‌ನಲ್ಲಿದ್ದ ಗುರ್‌ಪ್ರೀತ್ ಸಿಂಗ್ ಸಂಧು ಬಂದರು.

ಫಲಿತಾಂಶ: 18 ಪಂದ್ಯ, 40 ಅಂಕ, ಎರಡನೇ ಸ್ಥಾನದ ತಂಡಕ್ಕಿಂತ ಎಂಟು ಅಂಕ ಮುಂದೆ. ಬಿಟ್ಟುಕೊಟ್ಟ ಗೋಲ್ 16. ಕೋಚ್ ಆಲ್ಬರ್ಟ್ ರೋಕಾ ಹಲವು ಪಂದ್ಯಗಳಲ್ಲಿ ಮೂವರನ್ನೇ ಹಿಂದೆ ನಿಲ್ಲಿಸಿ ಆಡಿಸಿದರು. ಒಬ್ಬ ಕಡಿಮೆ ಇದ್ದರೂ ನಡೆಯಿತು, ಯಾಕಂದರೆ ನಡುವೆ ಇದ್ದವರಿಗೆ ಒಬ್ಬರಿಗೊಬ್ಬರ ಹೆಜ್ಜೆ ಗೊತ್ತಿತ್ತು.

ಎರಡು ಮಾರ್ಚ್ 17

ಆದರೆ ಫೈನಲ್ ಬೇರೆ ಮಾತು. 2018ರ ಮಾರ್ಚ್ 17, ಕಂಠೀರವ ಕ್ರೀಡಾಂಗಣ. ಛೆಟ್ರಿ ಒಂಬತ್ತನೇ ನಿಮಿಷಕ್ಕೇ ಗೋಲ್ ಹೊಡೆದರು. ಆಮೇಲೆ ಚೆನ್ನೈಯಿನ್‌ನ ಸೆಂಟರ್ ಬ್ಯಾಕ್ ಮೈಲ್ಸನ್ ಆಲ್ವೆಸ್ 17ನೇ ನಿಮಿಷದಲ್ಲೊಂದು, ವಿರಾಮಕ್ಕೆ ಮುಂಚೆ 45ನೇ ನಿಮಿಷದಲ್ಲೊಂದು ಹೆಡರ್ ಹೊಡೆದರು. ಎರಡೂ ಗ್ರೆಗರಿ ನೆಲ್ಸನ್ ಒದ್ದ ಕಾರ್ನರ್ ಕಿಕ್‌ನಿಂದ. ಪಂದ್ಯ 3-2ಕ್ಕೆ ಚೆನ್ನೈಯಿನ್ ಪಾಲಾಯಿತು.

ಇಡೀ ಋತು ಆಟದ ಓಟದಲ್ಲಿ ಸರಿಯಾಗಿ ನಿಂತ ಡಿಫೆನ್ಸ್, ನಿಂತ ಚೆಂಡಿಗೆ ಸೋತಿತು. ಕಾರ್ನರ್ ಕಿಕ್ ವೇಳೆ ಓಡೋ ವೇಗ, ಪಾಸ್ ಕೊಡೋ ಕಲೆ ಯಾವುದೂ ಉಪಯೋಗಕ್ಕೆ ಬರಲ್ಲ. ಯಾರು ಯಾರನ್ನ ಹಿಡೀಬೇಕು, ಯಾರು ಮೊದಲು ಜಿಗೀಬೇಕು ಅನ್ನೋದನ್ನ ಕೂಗಿ ಹೇಳುವ ಗಂಟಲು ಬೇಕು.

ಮುಂದಿನ ಋತುವಿಗೆ ಜಾನ್ಸನ್ ಎಟಿಕೆಗೆ ಹೋದರು, ಸುಭಾಶಿಷ್ ಮುಂಬೈ ಸಿಟಿಗೆ ಹೋದರು. ಎರಡು ಕೊಂಡಿ ಕಳಚಿತು. ಹೊಸ ಕೋಚ್ ಕಾರ್ಲೆಸ್ ಕ್ವಾಡ್ರಾಟ್ ಹೊರಗಿನವರೇನಲ್ಲ, ಅದೇ ರೋಕಾ ಅವರ ಸಹಾಯಕರಾಗಿದ್ದವರು. ತಂಡ ಸ್ಪೇನಿನ 34 ವರ್ಷದ ಆಲ್ಬರ್ಟ್ ಸೆರಾನ್ ಅವರನ್ನ ತಂದಿತು. 34ರ ಡಿಫೆಂಡರ್ ಯಾಕೆ ಅಂತ ಆಗ ಕೇಳಿದವರಿದ್ದರು. ಉತ್ತರ ಮೇಲಿನ ಗಣಿತದಲ್ಲೇ ಇದೆ. ಅವರನ್ನ ತಂದದ್ದು ಅತ್ಯುತ್ತಮ ಕೊಂಡಿ ಆಗಲಿ ಅಂತಲ್ಲ, ದುರ್ಬಲ ಕೊಂಡಿ ಇರಬಾರದು ಅಂತ. ಬಿಟ್ಟುಹೋದ ಎಡಬದಿಗೆ ಮನೆಯಲ್ಲೇ ಬೆಳೆದ ನಿಶು ಕುಮಾರ್ ಇದ್ದರು.

2019ರ ಮಾರ್ಚ್ 17, ಮತ್ತೆ ಫೈನಲ್, ಈ ಸಲ ಮುಂಬೈನಲ್ಲಿ ಗೋವಾ ವಿರುದ್ಧ. ಆ ಋತುವಿನಲ್ಲಿ ಗೋವಾದ ಕೊರೊಮಿನಾಸ್ 16 ಗೋಲ್ ಹೊಡೆದಿದ್ದರು. ನಿಗದಿತ ಸಮಯ ಗೋಲ್ ಇಲ್ಲದೆ ಮುಗಿಯಿತು. ಹೆಚ್ಚುವರಿ ಸಮಯದ 117ನೇ ನಿಮಿಷ, ಡಿಮಾಸ್ ಡೆಲ್ಗಾಡೊ ಕಾರ್ನರ್ ಒದ್ದರು, ಡ್ರಾಫ್ಟ್‌ನಿಂದ ಬಂದ ಡಿಫೆಂಡರ್ ರಾಹುಲ್ ಭೇಕೆ ತಲೆ ಕೊಟ್ಟರು. 1-0. ಹಿಂದಿನ ವರ್ಷ ಅದೇ ದಿನ ಕಾರ್ನರ್‌ನಿಂದ ಕಳಕೊಂಡಿದ್ದು ಈ ವರ್ಷ ಅದೇ ದಿನ ಕಾರ್ನರ್‌ನಿಂದಲೇ ಸಿಕ್ಕಿತು.

ಜೋಡಿ ಮುರಿದರೆ ಏನಾಗುತ್ತೆ?

2019-20ರಲ್ಲಿ ಈ ಡಿಫೆನ್ಸ್ ಪೂರ್ತಿ ಮಾಗಿತ್ತು. ಲೀಗ್‌ನ 18 ಪಂದ್ಯಗಳಲ್ಲಿ ಬಿಟ್ಟದ್ದು 13 ಗೋಲ್. ಗುರ್‌ಪ್ರೀತ್‌ಗೆ 11 ಕ್ಲೀನ್ ಶೀಟ್, ಸತತ ಎರಡನೇ ವರ್ಷ ಗೋಲ್ಡನ್ ಗ್ಲವ್.

2020ರಲ್ಲಿ ನಿಶು ಕುಮಾರ್ ಕೇರಳ ಬ್ಲಾಸ್ಟರ್ಸ್‌ಗೆ ಹೋದರು. 2020-21ರಲ್ಲಿ ತಂಡ 20 ಪಂದ್ಯದಲ್ಲಿ 28 ಗೋಲ್ ಬಿಟ್ಟು ಏಳನೇ ಸ್ಥಾನಕ್ಕೆ ಜಾರಿತು, ಕ್ವಾಡ್ರಾಟ್ ನಡುವೆಯೇ ಹೊರಟರು. 2021ರಲ್ಲಿ ಭೇಕೆ ಮುಂಬೈ ಸಿಟಿಗೆ, ಜುವಾನನ್ ಹೈದರಾಬಾದ್‌ಗೆ. ಕೋವಿಡ್ ಕಾಲದ ಖಾಲಿ ಮೈದಾನ, ಮುಂಚೂಣಿಯವರ ಫಾರ್ಮ್, ಬೇರೆ ಕಾರಣಗಳೂ ಇದ್ದವು. ಆದರೂ 13ರಿಂದ 28ಕ್ಕೆ ಹೋಗೋದು ಒಬ್ಬ ಆಟಗಾರನ ತಪ್ಪಿನಿಂದ ಆಗಲ್ಲ. ಸರಪಳಿಯ ಕೊಂಡಿಗಳು ಒಂದೊಂದಾಗಿ ಬದಲಾದಾಗ ಹೀಗಾಗುತ್ತೆ.

ಡ್ರಾಫ್ಟ್ ಎಂಥ ಹೂಡಿಕೆ ಅನ್ನೋದಕ್ಕೆ ಇನ್ನೊಂದು ದೃಶ್ಯ ನೋಡಿ. 2025ರ ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ಬೆಂಗಳೂರು ಮತ್ತೆ ಐಎಸ್‌ಎಲ್ ಫೈನಲ್ ಆಡಿತು, 2-1ರಿಂದ ಮೋಹನ್ ಬಾಗನ್‌ಗೆ ಸೋತಿತು. ಕಪ್ ಎತ್ತಿದ ಎದುರಾಳಿ ನಾಯಕ ಯಾರು? ಅದೇ ಸುಭಾಶಿಷ್ ಬೋಸ್. ಆ ಹೊತ್ತಿಗೆ ಭೇಕೆ ಬೆಂಗಳೂರಿಗೆ ಮರಳಿದ್ದರು, ಮೂವತ್ತು ದಾಟಿದ ಅನುಭವಿಯಾಗಿ. 2017ರ ಡ್ರಾಫ್ಟ್‌ನ ಹುಡುಗರು ಎಂಟು ವರ್ಷದ ಮೇಲೆ ತಾವೇ ಹಿರಿಯರ ಪಾತ್ರದಲ್ಲಿದ್ದರು. ಡಿಫೆಂಡರ್ ತಡವಾಗಿ ಹಣ್ಣಾಗ್ತಾನೆ, ಆದರೆ ಬಹಳ ಕಾಲ ಬಾಳ್ತಾನೆ.

ಉಕ್ಕಿನ ಊರುಗಳು

ಈಗ ಭದ್ರಾವತಿಗೆ ಬರೋಣ. ಮೇಲಿನ ಕಥೆಯಲ್ಲಿ ಬಂದ ಎರಡು ಕ್ಲಬ್‌ಗಳನ್ನ ಗಮನಿಸಿ. ಜೆಮ್‌ಶೆಡ್‌ಪುರ ಎಫ್‌ಸಿ ಟಾಟಾ ಸ್ಟೀಲ್‌ನದ್ದು. ಬೆಂಗಳೂರು ಎಫ್‌ಸಿ ಜೆಎಸ್‌ಡಬ್ಲ್ಯು ಗುಂಪಿನದ್ದು. ಎರಡರ ಹಿಂದೆಯೂ ಉಕ್ಕು ಇದೆ.

ಜೆಮ್‌ಶೆಡ್‌ಪುರದ ಕ್ಲಬ್ 2017ರದ್ದಾದರೂ ಬೇರು ಹಳೆಯದು. ಅಲ್ಲಿ ಟಾಟಾ ಫುಟ್ಬಾಲ್ ಅಕಾಡೆಮಿ 1987ರಲ್ಲಿ ಶುರುವಾಯಿತು. ಭಾರತಕ್ಕೆ ಆಡಿದ ಡಿಫೆಂಡರ್‌ಗಳಾದ ಮಹೇಶ್ ಗಾವ್ಲಿ, ದೀಪಕ್ ಮಂಡಲ್, ಗೋಲ್‌ಕೀಪರ್ ಸುಬ್ರತಾ ಪಾಲ್ ಅಲ್ಲಿಂದ ಬಂದವರು. ಬೆಂಗಳೂರಿನ ಹುಡುಗ ಕಾರ್ಲ್‌ಟನ್ ಚಾಪ್ಮನ್ ಕೂಡ ಅಲ್ಲಿಗೇ ಹೋಗಿ ಕಲಿತು ಮುಂದೆ ಭಾರತದ ನಾಯಕರಾದರು. ಜೆಎಸ್‌ಡಬ್ಲ್ಯು ತನ್ನ ಬಳ್ಳಾರಿ ಕಡೆಯ ಉಕ್ಕಿನ ಊರಿನಲ್ಲಿ 2018ರಲ್ಲಿ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ತೆರೆಯಿತು.

ಕರ್ನಾಟಕದ ಮೊದಲ ಉಕ್ಕಿನ ಊರು ಯಾವುದು? ಭದ್ರಾವತಿ. ಮೈಸೂರು ಸಂಸ್ಥಾನದ ಕಾಲದಲ್ಲಿ 1918ರಲ್ಲಿ ಕೆಲಸ ಶುರುವಾಗಿ 1923ರಲ್ಲಿ ಕಬ್ಬಿಣ ಹೊರಬಂದ ಕಾರ್ಖಾನೆ, ಇವತ್ತಿನ ವಿಐಎಸ್‌ಎಲ್. 1936ರಲ್ಲಿ ಮೈಸೂರು ಪೇಪರ್ ಮಿಲ್ಸ್ ಸ್ಥಾಪನೆಯಾಯಿತು. ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ, ಮೈದಾನ, ಹೀಗೆ ಒಂದು ಊರೇ ಕಾರ್ಖಾನೆ ಸುತ್ತ ಬೆಳೆಯಿತು. 1949ರಲ್ಲಿ ಈ ಊರಿನಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ಭಾರತಕ್ಕೆ ಬ್ಯಾಟ್ ಮಾಡಿದರು. ಆದರೆ ಕಾಗದದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. 1998ರಲ್ಲಿ ಸೇಲ್ ಜತೆ ವಿಲೀನವಾದ ವಿಐಎಸ್‌ಎಲ್ ಅನ್ನು ಮುಚ್ಚುವ ನಿರ್ಧಾರ 2023ರ ಆರಂಭದಲ್ಲಿ ಬಂತು, ಕಾರ್ಮಿಕರು ಬೀದಿಗಿಳಿದು ಹೋರಾಡಬೇಕಾಯಿತು.

ಕಾರ್ಖಾನೆ ಮತ್ತು ಡಿಫೆನ್ಸ್‌ಗೆ ಏನು ಸಂಬಂಧ ಅಂತೀರಾ? ಐಟಿಐ, ಎಚ್‌ಎಎಲ್ ಥರದ ಕಂಪನಿ ತಂಡಗಳು ಬೆಂಗಳೂರಿನಲ್ಲಿ ದಶಕಗಳ ಕಾಲ ಮಾಡಿದ್ದು ಇದನ್ನೇ. ಆಟಗಾರನಿಗೆ ಕೆಲಸ ಕೊಟ್ಟರು, ಅವನು ಹತ್ತು ಹನ್ನೆರಡು ವರ್ಷ ಊರು ಬಿಡಲಿಲ್ಲ, ಪಕ್ಕದಲ್ಲಿ ಆಡುವ ಹೊಸ ಹುಡುಗನಿಗೆ ಹಿರಿಯನೊಬ್ಬ ಸಿಕ್ಕ. ಡ್ರಾಫ್ಟ್ ಪ್ಲಸ್ ಅನುಭವಿ ಅಂತ ಇವತ್ತು ಕರೆಯೋದನ್ನ ನೌಕರಿ ಅನ್ನೋ ಹೆಸರಿನಲ್ಲಿ ಮಾಡ್ತಿದ್ದರು. ಆ ನೌಕರಿ ಹೋದಾಗ ಸ್ಟ್ರೈಕರ್ ಹೇಗೋ ಎದ್ದು ಕಾಣ್ತಾನೆ, ಮೂವತ್ತು ಸೆಕೆಂಡಿನ ವಿಡಿಯೊ ಸಾಕು ಅವನಿಗೆ. ಡಿಫೆಂಡರ್‌ನ ಒಳ್ಳೆ ಕೆಲಸ ಅಂದರೆ ಆಗದೇ ಹೋದ ಗೋಲ್. ಅದನ್ನ ಯಾವ ರೀಲ್ಸ್‌ನಲ್ಲಿ ತೋರಿಸ್ತೀರಿ?

ಡ್ರಾಫ್ಟ್ ಕೂಡ ಈಗಿಲ್ಲ. 2017ರ ನಂತರ ಕ್ಲಬ್‌ಗಳು ನೇರ ಒಪ್ಪಂದ ಮಾಡಿಕೊಳ್ತವೆ, ಅಥವಾ ತಮ್ಮ ಅಕಾಡೆಮಿಯಿಂದ ಬೆಳೆಸ್ತವೆ. ಅಕಾಡೆಮಿ ಇಲ್ಲದ ಊರಿನ ಹುಡುಗನಿಗೆ ಬಾಗಿಲು ಇನ್ನೂ ಕಿರಿದಾಯಿತು. 2025ರ ಜುಲೈನಲ್ಲಿ ಐಎಸ್‌ಎಲ್ ಋತುವನ್ನೇ ತಡೆಹಿಡಿದರು, ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಸಂಬಳ ನಿಲ್ಲಿಸಿತು. ಮೇಲಿನ ಮಹಡಿಯೇ ಅಲ್ಲಾಡುವಾಗ ಕೆಳಗಿನವರು ತಮ್ಮ ಅಡಿಪಾಯ ತಾವೇ ನೋಡಿಕೊಳ್ಳಬೇಕು.

ನಮ್ಮ ಮಟ್ಟಕ್ಕೆ ಏನು ಮಾಡಬಹುದು?

ಶಿವಮೊಗ್ಗದ ಕಾಲೇಜು ತಂಡಕ್ಕಾಗಲಿ, ಭದ್ರಾವತಿಯ ಕ್ವಾರ್ಟರ್ಸ್ ಹುಡುಗರಿಗಾಗಲಿ ಕೋಟಿಗಳ ಅಗತ್ಯವಿಲ್ಲ. ಬೆಂಗಳೂರಿನ ಕಥೆಯಿಂದ ಎತ್ತಿಕೊಳ್ಳಬಹುದಾದ್ದು ಇಷ್ಟು:

1. ಆಟಗಾರನನ್ನಲ್ಲ, ಜೋಡಿಯನ್ನ ಆರಿಸಿ. ಇಬ್ಬರು ಸೆಂಟರ್ ಬ್ಯಾಕ್‌ಗಳನ್ನ ಒಮ್ಮೆ ನಿಲ್ಲಿಸಿದರೆ ಕನಿಷ್ಠ ಒಂದು ಋತು ಕದಲಿಸಬೇಡಿ. ಒಂದು ಪಂದ್ಯ ಸೋತ ತಕ್ಷಣ ಬದಲಿಸಿದರೆ ಮತ್ತೆ ಸೊನ್ನೆಯಿಂದ ಶುರು.

2. ಜೋಡಿಯಲ್ಲಿ ವಯಸ್ಸಿನ ಅಂತರ ಇರಲಿ. ಇಬ್ಬರೂ ಹತ್ತೊಂಬತ್ತರವರಾದರೆ ಇಬ್ಬರೂ ಚೆಂಡಿಗೇ ಓಡ್ತಾರೆ. ಇಬ್ಬರೂ ಮೂವತ್ತೈದರವರಾದರೆ ಯಾರೂ ಓಡಲ್ಲ.

3. ಹಿರಿಯನಿಗೆ ಮಾತಾಡೋ ಕೆಲಸ ಕೊಡಿ. ಕೆಲಸ ಸಿಕ್ಕು ಆಟ ಬಿಟ್ಟ, ಈಗ ಭಾನುವಾರ ಮಾತ್ರ ಬರುವ ಅಣ್ಣಂದಿರು ಪ್ರತಿ ಊರಲ್ಲೂ ಇದ್ದಾರೆ. ಅವರಿಗೆ ವೇಗ ಹೋಗಿದೆ, ಕಣ್ಣು ಹೋಗಿಲ್ಲ. ನಮ್ಮ ಮಟ್ಟದ ಅನುಭವಿ ಅಂದರೆ ಅವರೇ. ಅವರು ಪೂರ್ತಿ ಪಂದ್ಯ ಆಡಬೇಕಿಲ್ಲ, ಅಭ್ಯಾಸದಲ್ಲಿ ಹುಡುಗನ ಪಕ್ಕ ನಿಂತು ಕೂಗಿದರೆ ಸಾಕು.

4. ವಾರಕ್ಕೆ ಅರ್ಧ ಗಂಟೆ ಕಾರ್ನರ್ ಕಿಕ್‌ಗೆ ಮೀಸಲಿಡಿ, ತಡೆಯೋಕೂ ಹೊಡೆಯೋಕೂ. ಎರಡು ಮಾರ್ಚ್ 17 ಕಲಿಸಿದ್ದು ಇದನ್ನೇ.

5. ಪೂರ್ತಿ ಪಂದ್ಯ ರೆಕಾರ್ಡ್ ಮಾಡಿ. ಮೈದಾನದ ಅಂಚಿನ ಎತ್ತರದ ಜಾಗದಲ್ಲಿ ಒಂದು ಫೋನ್ ಇಟ್ಟರೆ ಆಯಿತು. ಡಿಫೆಂಡರ್‌ನ ಯೋಗ್ಯತೆ ಗೊತ್ತಾಗೋದು ಚೆಂಡು ಅವನ ಹತ್ತಿರ ಇಲ್ಲದಾಗ. ಟ್ರಯಲ್ಸ್‌ಗೆ ಹೋಗುವ ಹುಡುಗನ ಕೈಲಿ ತೊಂಬತ್ತು ನಿಮಿಷದ ನಾಲ್ಕು ಪಂದ್ಯ ಇದ್ದರೆ ಅದೇ ಅವನ ಬಯೋಡೇಟಾ.

6. ಎರಡೂ ಊರು ಸೇರಿಕೊಳ್ಳಿ. ಶಿವಮೊಗ್ಗ-ಭದ್ರಾವತಿ ನಡುವಿನ ದಾರಿ ಉದ್ದವೇನಲ್ಲ. ಎರಡು ಊರಿನ ತಂಡಗಳು ತಿಂಗಳಿಗೆ ಎರಡು ಸಲ ನಿಯಮಿತವಾಗಿ ಆಡಿದರೆ ವರ್ಷಕ್ಕೆ 24 ಪಂದ್ಯ. ಐಎಸ್‌ಎಲ್‌ನಲ್ಲಿ ಬೆಂಗಳೂರು 16 ಗೋಲ್ ಮಾತ್ರ ಬಿಟ್ಟ ಆ ಋತುವಿನಲ್ಲಿ ಲೀಗ್ ಹಂತ ಇದ್ದದ್ದೇ 18 ಪಂದ್ಯ.

ಸರ್ಕಾರಕ್ಕೂ ಒಂದು ಮಾತು. ಭದ್ರಾವತಿಯ ಕಾರ್ಖಾನೆಗಳ ಭವಿಷ್ಯದ ಚರ್ಚೆ ಬಂದಾಗಲೆಲ್ಲ ಟನ್, ನಷ್ಟ, ಎಕರೆ ಅಂತಲೇ ಮಾತಾಗುತ್ತೆ. ಆ ಎಕರೆಗಳಲ್ಲಿ ಮೈದಾನಗಳೂ ಇವೆ. ಕಾರ್ಖಾನೆ ಉಳಿಯಲಿ ಅಂತಲೇ ನನ್ನ ಆಸೆ. ಏನೇ ತೀರ್ಮಾನ ಆದರೂ ಆ ಮೈದಾನಗಳನ್ನ ಪಟ್ಟಿ ಮಾಡಿ, ಬೇರೆ ಮಾಡಿ, ಊರಿನ ಹುಡುಗರಿಗೆ ಉಳಿಸಿಕೊಡಿ. ಡಿಫೆನ್ಸ್ ಕಲಿಯೋಕೆ ಬೇಕಾದ್ದು ಒಟ್ಟಿಗೆ ಆಡುವ ವರ್ಷಗಳು. ವರ್ಷಗಟ್ಟಲೆ ಆಡೋಕೆ ಜಾಗ ಬೇಕಲ್ವಾ?